ಎಲ್ಲವನ್ನೂ ಎರಡೆರಡು ಹೊತ್ತುಕೊಂಡು ಹೋಗಬೇಕಾ?

ಪ್ರಶ್ನೆ: ಕೆಲಸಕ್ಕೆ ದಿನಾ ಗದಗದಿಂದ ಹುಬ್ಬಳ್ಳಿಗೆ ಬೈಕಿನಲ್ಲಿ ಹೋಗುತ್ತೇನೆ. ರಜೆ ಸಿಕ್ಕರೆ ಗೆಳೆಯರ ಜೊತೆ ಕಪ್ಪತ್ತಗುಡ್ಡ. ತುರ್ತಿಗೆ ಎರಡು ಟಾರ್ಚ್, ಎರಡು ಚಾಕು, ಎರಡು ಲೈಟರ್ ಇರಲೇಬೇಕು ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ನಿಜವಾಗಿ ಏನು ಬೇಕು?

ಉತ್ತರ: ಚಾಕು ಕಳೆದರೆ ಸೌತೆಕಾಯಿ ಕಚ್ಚಿಕೊಂಡೇ ತಿಂದರಾಯಿತು. ನೀರು, ಬೆಳಕು, ಫೋನ್ ಕೈಕೊಟ್ಟರೆ ಹಾಗೆ ನಡೆಯುವುದಿಲ್ಲ. ಈ ಮೂರಕ್ಕೆ ಮಾತ್ರ ಇನ್ನೊಂದು ದಾರಿ ಇಟ್ಟುಕೊಳ್ಳಿ, ಸಾಕು.

ಆ ಇನ್ನೊಂದು ದಾರಿ ಬೇರೆ ಜಾತಿಯದ್ದಾಗಿರಬೇಕು. ಈಗ ಟಾರ್ಚ್, ಮ್ಯಾಪ್, ದುಡ್ಡು, ಮನೆಯವರ ನಂಬರ್ ಎಲ್ಲ ಫೋನಿನೊಳಗೇ ಇವೆ ಅಲ್ವಾ? ಅದು ಆಫ್ ಆದರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ. ಪವರ್ ಬ್ಯಾಂಕ್ ಇರಲಿ, ಆದರೆ ಫೋನೇ ಕಲ್ಲಿಗೆ ಬಿದ್ದು ಒಡೆದರೆ ಅದು ಬರೀ ಭಾರ. ಸೆಲ್ ಹಾಕುವ ಸಣ್ಣ ಟಾರ್ಚ್, ಚೀಟಿಯಲ್ಲಿ ಬರೆದ ನಂಬರ್‌ಗಳು, ಸ್ವಲ್ಪ ನೋಟು, ಒಂದು ಸೀಟಿ, ಇಷ್ಟನ್ನು ಬ್ಯಾಗಿಗೆ ಹಾಕದೆ ಜೇಬಿನಲ್ಲಿಡಿ. ಬ್ಯಾಗ್ ಎಲ್ಲೋ ಬಿಟ್ಟುಹೋದಾಗಲೇ ಇವು ಬೇಕಾಗುವುದು.

ಸೀಟಿ ಯಾಕೆ ಅಂದರೆ, ಕಪ್ಪತ್ತಗುಡ್ಡದಲ್ಲಿ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಂತಿಲ್ಲ. ಆ ಗಾಳಿಯಲ್ಲಿ ಕೂಗಿದರೆ ಗಂಟಲು ಹೋಗುತ್ತದೆ, ಸೀಟಿಯ ಸದ್ದು ದೂರ ಮುಟ್ಟುತ್ತದೆ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ ಊದಿ. ಸಹಾಯ ಬೇಕು ಅನ್ನಲು ಹಲವು ದೇಶಗಳಲ್ಲಿ ಬಳಸುವ ಗುರುತು ಇದು. ಫೋನ್ ಸರಿಯಿದ್ದು ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ. ಬೇರೆ ಕಂಪನಿಯ ಟವರ್ ಸಿಕ್ಕರೆ ಅದರ ಮೂಲಕವೇ ಕಾಲ್ ಹೋಗಬಹುದು.

ಆ ವಿಡಿಯೊಗಳು ಹೆಚ್ಚಾಗಿ ಚಳಿ ದೇಶದವು. ಅಲ್ಲಿ ಬೆಂಕಿ ಜೀವ ಉಳಿಸುತ್ತದೆ. ಕಪ್ಪತ್ತಗುಡ್ಡ 2019ರಿಂದ ವನ್ಯಜೀವಿ ಧಾಮ. ಬೇಸಿಗೆಯಲ್ಲಿ ಅಲ್ಲಿನ ಒಣಹುಲ್ಲಿಗೆ ಒಂದು ಕಿಡಿ ಸಾಕು, ಲೈಟರ್ ಮನೆಯಲ್ಲೇ ಇರಲಿ. ನಮಗೆ ಕಾಟ ಕೊಡುವುದು ಬಿಸಿಲು. ಕುರುಚಲು ಕಾಡು, ನೆರಳು ಕಡಿಮೆ. ಒಂದು ದೊಡ್ಡ ಬಾಟಲಿಗಿಂತ ಎರಡು ಚಿಕ್ಕವು ಮೇಲು, ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಒಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣಕ್ಕೆ ಪೂರ್ತಿ 1 ಲೀಟರ್ ನೀರು ಬೇಕು. ಗಟ್ಟಿಯಾಗಿರಲಿ ಅಂತ ಅರ್ಧ ಲೀಟರಿಗೆ ಕಲಸಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ತಿನ್ನಲು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ದುಬಾರಿ ಎನರ್ಜಿ ಬಾರ್ ಬಿಸಿಲಿಗೆ ಕರಗಿ ಕೂರುತ್ತದೆ, ರೊಟ್ಟಿಗೆ ಆ ರಗಳೆ ಇಲ್ಲ.

ಹಾವಿನ ವಿಷ ಹೀರುವ ಕಿಟ್ ಮಾತ್ರ ಖರೀದಿಸಬೇಡಿ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ, ಆದಷ್ಟು ಬೇಗ ಆಸ್ಪತ್ರೆ ಸೇರಿಸಿ.

ದಿನದ ಬೈಕ್ ಓಡಾಟಕ್ಕೆ ಪಂಕ್ಚರ್ ಕಿಟ್, ಒಂದು ಕ್ಲಚ್ ಕೇಬಲ್, ರೇನ್‌ಕೋಟ್ ಸಾಕು. ಮಳೆಗಾಲದಲ್ಲಿ ಬೆಣ್ಣೆಹಳ್ಳ ತುಂಬಿ ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಯಾವ ಸಾಮಾನೂ ನೆರವಿಗೆ ಬರುವುದಿಲ್ಲ. ಬೈಕ್ ತಿರುಗಿಸಿ.

ಇನ್ನು ಟಾರ್ಚಿನ ಸೆಲ್. ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿಂದುಹಾಕುತ್ತವೆ. ಬಳಸದಿರುವಾಗ ತೆಗೆದು ಟಾರ್ಚಿನ ಪಕ್ಕದಲ್ಲೇ ಬೇರೆ ಕವರಿನಲ್ಲಿಡಿ. ಪವರ್ ಬ್ಯಾಂಕ್ ಸುಮ್ಮನೆ ಇಟ್ಟಲ್ಲೇ ಚಾರ್ಜ್ ಕಳೆದುಕೊಳ್ಳುತ್ತದೆ, ತಿಂಗಳಿಗೊಮ್ಮೆ ನೋಡಿ ತುಂಬಿಸಿ.