ಬೀಜವೂ ಗೊಬ್ಬರವೂ ಹೊಲ ಬಿಟ್ಟು ಹೋದ ಬಗೆ

ಸುಗ್ಗಿಯ ರಾಶಿಯಿಂದ ಗಟ್ಟಿ ಕಾಳನ್ನು ಮುಂದಿನ ಬಿತ್ತನೆಗೆ ಎತ್ತಿಡುವುದು, ಉಳಿದ ಹೊಟ್ಟು, ಸೊಪ್ಪು, ಸಗಣಿಯನ್ನು ತಿಪ್ಪೆಗೆ ಸೇರಿಸಿ ಅದೇ ಮಣ್ಣಿಗೆ ಮರಳಿಸುವುದು: ಸಾವಿರಾರು ವರ್ಷ ಸಣ್ಣ ಹಿಡುವಳಿ ನಡೆದದ್ದು ಹೀಗೆ. ಇವು ಒಂದೇ ಬೇಸಾಯದ ಎರಡು ಕೈಗಳಾಗಿದ್ದವು. ಅವು ಹೊಲದಿಂದ ಹೊರಬಿದ್ದು ಇನ್ನೂರು ವರ್ಷವೂ ಆಗಿಲ್ಲ.

ಮೊದಲು ಹೋದದ್ದು ಗೊಬ್ಬರ. ಗಿಡಕ್ಕೆ ಬೇಕಾದದ್ದು ಮಣ್ಣಿನ ಖನಿಜಗಳೇ ಎಂದು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 1840ರಲ್ಲಿ ವಾದಿಸಿದರು. 1909ರಲ್ಲಿ ಅದೇ ದೇಶದ ರಸಾಯನ ವಿಜ್ಞಾನಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ರಾಸಾಯನಿಕ ಗೊಬ್ಬರದ ಮೂಲವಸ್ತುವಾದ ಅಮೋನಿಯ ತಯಾರಿಸಿ ತೋರಿಸಿದರು. 1913ರಲ್ಲಿ ಅದರ ಕಾರ್ಖಾನೆಯೇ ಶುರುವಾಯಿತು. ಇಳುವರಿಯ ಲೆಕ್ಕದಲ್ಲಿ ಇದು ಸುಳ್ಳಾಗಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ನಡೆಯುತ್ತಿರುವ ಗೋಧಿ ಪ್ರಯೋಗವನ್ನು ನೋಡಿ: ವರ್ಷ ವರ್ಷವೂ ಕೊಟ್ಟಿಗೆ ಗೊಬ್ಬರ ಉಂಡ ಮಣ್ಣಿನಲ್ಲಿ, ರಾಸಾಯನಿಕ ಗೊಬ್ಬರವನ್ನಷ್ಟೇ ಕಂಡ ಮಣ್ಣಿಗಿಂತ ಸುಮಾರು ಎರಡು ಪಟ್ಟು ಸಾವಯವ ಇಂಗಾಲ, ಅಂದರೆ ಕೊಳೆತ ಜೀವವಸ್ತುವಿನ ಸಾರ, ಇದೆ. ನೀರು ಹಿಡಿದಿಡುವ ಶಕ್ತಿ ಇರುವುದು ಅದರಲ್ಲಿ. ನೀರಾವರಿಯಿಲ್ಲದ ಸಣ್ಣ ಬೇಸಾಯಗಾರನಿಗೆ ಅದಕ್ಕಿಂತ ದೊಡ್ಡ ಆಸ್ತಿ ಯಾವುದು?

ಗೊಬ್ಬರದ ಹಿಂದೆಯೇ ಬೀಜವೂ ಹೊರಟಿತು. ಎತ್ತರದ ಗೋಧಿಗೆ ಸಾರಜನಕ ಹೆಚ್ಚಿದರೆ ಪೈರು ಒರಗಿಬಿಡುತ್ತದೆ. ಹಾಗಾಗಿ ಆ ಗೊಬ್ಬರವನ್ನು ತಾಳಿಕೊಳ್ಳುವ ಗಿಡ್ಡ ತಳಿಗಳು 1960ರ ದಶಕದಲ್ಲಿ ಹರಡಿದವು. ಅವುಗಳ ಬೀಜವನ್ನಾದರೂ ಎತ್ತಿಡಬಹುದಿತ್ತು. 1930ರ ದಶಕದಿಂದ ಅಮೆರಿಕದಲ್ಲಿ ಹಬ್ಬಿದ ಹೈಬ್ರಿಡ್ ಮೆಕ್ಕೆಜೋಳದಲ್ಲಿ ಆ ದಾರಿಯೂ ಮುಚ್ಚಿತು: ಅದರ ಕಾಳನ್ನು ಬಿತ್ತಿದರೆ ಮುಂದಿನ ಪೀಳಿಗೆ ತಾಯಿಯಂತೆ ಬರುವುದಿಲ್ಲ. ವರ್ಷ ವರ್ಷವೂ ಕೊಳ್ಳುವ ಬೀಜವನ್ನು ಕಾಪಿಡುವ ಕಲೆ ಯಾರಿಗೆ ಬೇಕು? ಮರೆವು ಹೀಗೆ ಬಂತು.

ಆ ಕಲೆಯ ತಿರುಳು ಒಣಗಿಸುವಿಕೆ. ಬೀಜ ಉಸಿರಾಡುವ ಜೀವ. ತೇವ ಹೆಚ್ಚಿದಷ್ಟೂ ಬೇಗ ಸವೆಯುತ್ತದೆ. ತೇವಾಂಶ 14ರಿಂದ 5 ಶೇಕಡಾದ ನಡುವೆ ಇರುವಾಗ ಒಂದೊಂದು ಶೇಕಡಾ ಇಳಿದಂತೆ ಆಯುಸ್ಸು ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನಿ ಹ್ಯಾರಿಂಗ್‌ಟನ್ ಅವರ ಸೂತ್ರ. ಅಂದರೆ 14ರಿಂದ 10ಕ್ಕೆ ಇಳಿಸಿದರೆ ಹದಿನಾರು ಪಟ್ಟು! ಕಾಳು ಒಣಗಿದೆಯೇ ಎಂದು ನೋಡಲು ಯಂತ್ರ ಬೇಡ. ಒಣ ಉಪ್ಪಿನೊಂದಿಗೆ ಕಾಳನ್ನು ಗಾಜಿನ ಸೀಸೆಯಲ್ಲಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಒಣಗಬೇಕು. ಹಳೆಯವರು ಕಾಳಿಗೆ ಬೂದಿ ಬೆರೆಸುತ್ತಿದ್ದದ್ದೂ ಸುಮ್ಮನೆ ಅಲ್ಲ. ಅದು ಕಾಳುಗಳ ನಡುವಿನ ಸಂದು ತುಂಬಿ ಹುಳುವಿನ ಓಡಾಟ ತಡೆಯುತ್ತದೆ, ಅದರ ಮೈಯ ಮೇಣವನ್ನು ಉಜ್ಜಿ ತೆಗೆದು ಒಣಗಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹುಳು ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿ ತಾನೇ ಸಾಯುತ್ತದೆ. ಆದರೆ ಹಸಿ ಕಾಳು ತುಂಬಿದರೆ ಅದೇ ಡಬ್ಬಿ ಬೀಜದ ಗೋರಿ.

ತಿಪ್ಪೆಯ ಧರ್ಮ ಇದಕ್ಕೆ ತದ್ವಿರುದ್ಧ. ಅದಕ್ಕೆ ತೇವ ಬೇಕು, ಗಾಳಿ ಬೇಕು, ಬಿಸಿ ಬೇಕು. ಇಂಗ್ಲೆಂಡಿನ ಸಸ್ಯ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1920ರ ದಶಕದಲ್ಲಿ ಇಂದೋರ್‌ನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನದಲ್ಲಿ ಸಸ್ಯತ್ಯಾಜ್ಯ, ಸಗಣಿಗಳನ್ನು ಪದರ ಪದರವಾಗಿ ಪೇರಿಸಿ ಆಗಾಗ ಮಗುಚುತ್ತಾರೆ. ರಾಶಿಯ ಒಳಗು 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ನಿಂತರೆ ಬಹುಪಾಲು ಕಳೆಬೀಜಗಳು ಸಾಯುತ್ತವೆ. ಬಾಯ್ದೆರೆದು ಬಿಸಿಲಿಗೂ ಮಳೆಗೂ ಬಿದ್ದ ತಿಪ್ಪೆಯಿಂದ ಸಾರಜನಕ ಅಮೋನಿಯವಾಗಿ ಹಾರುತ್ತದೆ, ನೀರಿನೊಂದಿಗೆ ಬಸಿದುಹೋಗುತ್ತದೆ. ಮೇಲೊಂದು ಹೊದಿಕೆಯಿಲ್ಲದೆ ವರ್ಷದ ದುಡಿಮೆ ಕರಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಒಂದರ ಹಿಂದೊಂದು ಹೊರಗೆ ಹೋದವನ್ನು ಒಟ್ಟಿಗೇ ಕರೆತರಬೇಕು ಎಂಬುದು ನನ್ನ ನಂಬಿಕೆ. ಹೆಚ್ಚು ಸಾರಜನಕಕ್ಕೆಂದೇ ಬೆಳೆಸಿದ ತಳಿ ತಿಪ್ಪೆಗೊಬ್ಬರದ ಹೊಲದಲ್ಲಿ ಸೊರಗಿದರೆ ಗೊಬ್ಬರವನ್ನು ದೂರುವಂತಿಲ್ಲ. ಆ ಗೊಬ್ಬರದಲ್ಲೇ ಚೆನ್ನಾಗಿ ತೆನೆಗಟ್ಟಿದ ಗಿಡಗಳನ್ನು ಪೈರು ನಿಂತಿರುವಾಗಲೇ ಗುರುತಿಸಿ, ಅವುಗಳ ಕಾಳನ್ನು ಬೇರೆಯಾಗಿ ಒಣಗಿಸಿಡಬೇಕು. ಬಿತ್ತನೆಗೆ ಎರಡು ವಾರ ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಷ್ಟು ಮೊಳೆತವು ಎಂದು ಎಣಿಸಿದರೆ, ಆ ವರ್ಷ ಎಷ್ಟು ಬೀಜ ಬೇಕೆಂಬುದು ತಿಳಿಯುತ್ತದೆ.