ರಾಕೇಶ್ ಶರ್ಮಾ ಇದ್ದ ಸ್ಪೇಸ್ ಸ್ಟೇಷನ್ ಈಗ ಎಲ್ಲಿದೆ?

ಶುಭಾಂಶು ಶುಕ್ಲಾ ಐಎಸ್‌ಎಸ್‌ಗೆ, ಅಂದ್ರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ, ಹೋಗಿ ಬಂದ್ಮೇಲೆ ಈ ಪ್ರಶ್ನೆ ಪದೇ ಪದೇ ಬರ್ತಿದೆ, ರಾಕೇಶ್ ಶರ್ಮಾನೂ ಇದೇ ಐಎಸ್‌ಎಸ್‌ಗೇ ಹೋಗಿದ್ದಲ್ವಾ ಅಂತ. ಅಲ್ಲ. ಐಎಸ್‌ಎಸ್‌ನ ಮೊದಲ್ನೇ ಭಾಗ ಮೇಲೆ ಹೋಗಿದ್ದೇ 1998ರಲ್ಲಿ. ಶರ್ಮಾ 1984ರ ಏಪ್ರಿಲ್‌ನಲ್ಲಿ ಹೋಗಿದ್ದು ಸೋವಿಯತ್‌ನವ್ರ ಸಲ್ಯೂಟ್-7ಗೆ, ಅದೀಗ ಇಲ್ಲ.

ಹೆಚ್ಚುಕಮ್ಮಿ 16 ಮೀಟರ್ ಉದ್ದದ ಕೊಳವೆ ಅದು, ನಮ್ಮ ಬಸ್ಸಿಗಿಂತ ಸ್ವಲ್ಪ ಉದ್ದ ಅಷ್ಟೇ. ಅದ್ರಲ್ಲಿ ಮೊದ್ಲೇ ಕಿಜಿಮ್, ಸೊಲೊವ್ಯೊವ್, ಜೊತೆಗೆ ಅತ್ಕೊವ್ ಅನ್ನೋ ಒಬ್ಬ ಡಾಕ್ಟ್ರು ಇದ್ರು, ಶರ್ಮಾ ಟೀಮ್‌ನ ಮೂರು ಜನ ಸೇರಿ ಆರಾದ್ರು. ಇಂದಿರಾ ಗಾಂಧಿ ಜೊತೆಗಿನ ಮಾತುಕತೆ ಎಲ್ರಿಗೂ ಗೊತ್ತು, ಬಿಡಿ. ನಂಗೆ ಇಷ್ಟ ಅದರ ಮುಂದಿನ ಕಥೆ.

1985ರ ಫೆಬ್ರವರಿಯಲ್ಲಿ, ಒಳಗೆ ಯಾರೂ ಇಲ್ದಾಗ, ಸ್ಟೇಷನ್ ಪೂರ್ತಿ ಸತ್ತೋಯ್ತು. ಕರೆದ್ರೂ ಉತ್ತರ ಇಲ್ಲ. ಜೂನ್‌ನಲ್ಲಿ ಜಾನಿಬೆಕೊವ್, ಸವಿನಿಖ್ ಅಂತ ಇಬ್ರನ್ನ ಕಳ್ಸಿದ್ರು, ಸಿಗ್ನಲ್ಲೇ ಇಲ್ಲದ ಸ್ಟೇಷನ್‌ಗೆ ಆಟೊಮ್ಯಾಟಿಕ್ ಡಾಕಿಂಗ್ ಎಲ್ಲಿಂದ ಆಗ್ಬೇಕು, ಹಾಗಾಗಿ ಕಿಟಕಿಯಿಂದ ನೋಡ್ಕೊಂಡು, ಕೈಲಿ ಹಿಡಿಯೋ ಲೇಸರ್‌ನಲ್ಲಿ ದೂರ ಅಳ್ಕೊಂಡು ಕೈಯಾರೆ ಹೋಗಿ ಜೋಡ್ಸಿದ್ರು. ಒಳಗೆ ಗವ್ವನೆ ಕತ್ತಲು, ಗೋಡೆ ಮೇಲೆಲ್ಲಾ ಹಿಮ, ನೀರೆಲ್ಲಾ ಗಡ್ಡೆ. ಉಣ್ಣೆ ಟೋಪಿ ಹಾಕ್ಕೊಂಡೇ ಕೆಲ್ಸ. ಫ್ಯಾನ್ ಬೇರೆ ಇಲ್ಲ, ತೂಕವೇ ಇಲ್ಲದ ಜಾಗದಲ್ಲಿ ನಾವು ಬಿಟ್ಟ ಉಸಿರು ಮುಖದ ಸುತ್ತನೇ ನಿಂತ್ಕೊಳುತ್ತೆ, ಜಾಸ್ತಿ ಹೊತ್ತು ಒಂದೇ ಕಡೆ ಇದ್ರೆ ತಲೆನೋವು.

ಇಷ್ಟಕ್ಕೂ ಕಾರಣ ಏನಪ್ಪಾ ಅಂದ್ರೆ ಒಂದು ಸೆನ್ಸರ್. ಬ್ಯಾಟರಿ ಖಾಲಿಯಾಗಿದ್ರೂ ಫುಲ್ ಆಗಿದೆ ಅಂತ ಇನ್ವರ್ಟರ್‌ಗೆ ಸುಳ್ಳು ಹೇಳ್ದಂಗೆ, ಸೋಲಾರ್ ಪ್ಯಾನೆಲ್‌ನಿಂದ ಚಾರ್ಜ್ ಹೋಗೋದನ್ನೇ ನಿಲ್ಸಿಬಿಟ್ಟಿತ್ತು. ಎಂಟು ಬ್ಯಾಟರಿಲಿ ಎರಡು ಹೋಗಿದ್ವು. ಉಳಿದ ಆರಕ್ಕೆ ಪ್ಯಾನೆಲ್‌ನಿಂದ ನೇರ ವೈರ್ ಕೊಟ್ಟು, ತಾವು ಬಂದ ಸೋಯುಜ್ ನೌಕೆಯ ಎಂಜಿನ್‌ನಿಂದಲೇ ಇಡೀ ಸ್ಟೇಷನ್ನನ್ನ ಸೂರ್ಯನ ಕಡೆ ತಿರುಗ್ಸಿದ್ರು. ಚಾರ್ಜ್ ಆಯ್ತು! ಆಮೇಲೆ ಹಿಮ ಕರಗಿ ಎಲ್ಲಾ ಕಡೆ ಒದ್ದೆ, ಅದನ್ನ ಒರೆಸೋದೇ ಇನ್ನೊಂದು ಕೆಲ್ಸ.

1986ರಲ್ಲಿ ಸೋವಿಯತ್‌ನವ್ರ ಹೊಸ ಸ್ಪೇಸ್ ಸ್ಟೇಷನ್ ಮಿರ್ ಬಂತು. ಮಿರ್‌ನಿಂದ ಸಲ್ಯೂಟ್-7ಗೆ ಹೋಗಿ, ಸುಮಾರು 50 ದಿನ ಇದ್ದು, ಅಲ್ಲಿದ್ದ ಒಂದಷ್ಟು ಉಪಕರಣ ಬಿಚ್ಕೊಂಡು ವಾಪಸ್ ಮಿರ್‌ಗೆ ಬಂದ ಇಬ್ರು ಯಾರು ಗೊತ್ತಾ? ಶರ್ಮಾ ಹೋದಾಗ ಅಲ್ಲಿದ್ದ ಅದೇ ಕಿಜಿಮ್, ಸೊಲೊವ್ಯೊವ್. ಹೊಸ ಮನೆಗೆ ಹಳೇ ಮನೆ ಸಾಮಾನು ಸಾಗ್ಸಿದಂಗೆ. ಅವ್ರಾದ್ಮೇಲೆ ಅಲ್ಲಿಗೆ ಯಾರೂ ಹೋಗ್ಲಿಲ್ಲ.

ಕೊನೆಗೆ ಅದನ್ನ ಇನ್ನೂ ಎತ್ತರಕ್ಕೆ ತಳ್ಳಿಟ್ರು, ಆದ್ರೆ ಸೂರ್ಯನ ಚಟುವಟಿಕೆ ಜಾಸ್ತಿಯಾಗಿ ವಾತಾವರಣ ಉಬ್ಬಿ, ಅಂದ್ಕೊಂಡಿದ್ದಕ್ಕಿಂತ ಬೇಗ ಕೆಳಗೆ ಎಳ್ಕೊಂಡು ಬಂತು. 1991ರ ಫೆಬ್ರವರಿ 7ಕ್ಕೆ ಅರ್ಜೆಂಟೀನಾ ಮೇಲೆ ಉರಿದು ಚೂರಾಯ್ತು, ಒಂದಷ್ಟು ತುಂಡು ಕಪಿತಾನ್ ಬರ್ಮುದೆಸ್ ಅನ್ನೋ ಊರಲ್ಲಿ ಬಿದ್ವು, ಯಾರಿಗೂ ಏಟಾಗ್ಲಿಲ್ಲ.

ಆ ಪ್ರಯಾಣದ್ದು ಏನಾದ್ರೂ ಕಣ್ಣಾರೆ ನೋಡ್ಬೇಕು ಅಂದ್ರೆ, ಶರ್ಮಾ ವಾಪಸ್ ಬಂದ ಸೋಯುಜ್ ಟಿ-10 ಕ್ಯಾಪ್ಸೂಲನ್ನ ದೆಹಲಿಯ ನೆಹರು ತಾರಾಲಯದಲ್ಲಿ ಇಟ್ಟಿದಾರೆ.