ಹೊಣೆ ಬಂತು, ಹುದ್ದೆ ಬರಲಿಲ್ಲ: ಮಲೆನಾಡಿನಲ್ಲಿ ವಿಶೇಷ ಶಿಕ್ಷಣದ ಕಾನೂನು ಹಾದಿ

ಹೊಸನಗರದಂಥ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಜಿಗೆ ವಿಶೇಷ ಅಗತ್ಯವುಳ್ಳ ಮಗುವೊಂದರ ಕಡತ ಬಂದಾಗ, ಮಗುವನ್ನು ಯಾವ ಶಾಲೆಗೆ ಸೇರಿಸಬೇಕು, ಯಾರು ಕಲಿಸಬೇಕು, ಕಲಿಸದಿದ್ದರೆ ಯಾರು ಉತ್ತರ ಕೊಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದಲ್ಲಿ ಬಂದ ಮೂರು ಕಾಯ್ದೆಗಳನ್ನು ತೆರೆಯಬೇಕಾಗುತ್ತದೆ.

ಈ ತೊಡಕಿನ ಬೇರು ಹಳೆಯದು. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕೇಂದ್ರದ ಮೊದಲ ಯೋಜನೆ 1974ರಲ್ಲಿ ಆರಂಭವಾದದ್ದು ಕಲ್ಯಾಣ ಇಲಾಖೆಯ ಕೈಯಲ್ಲಿ; ಶಿಕ್ಷಣ ಇಲಾಖೆಗೆ ಅದು ಬಂದದ್ದು 1982ರಲ್ಲಿ. ಅಂದಿನ ಒಡಕು ಇಂದಿಗೂ ಮುಚ್ಚಿಲ್ಲ. ಕರ್ನಾಟಕದಲ್ಲಿ ವಿಶೇಷ ಶಾಲೆಗಳು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ವ್ಯಾಪ್ತಿಯಲ್ಲಿವೆ, ಊರಿನ ಶಾಲೆ ಶಾಲಾ ಶಿಕ್ಷಣ ಇಲಾಖೆಯದು. ಶಿವಮೊಗ್ಗದ ವಿಶೇಷ ಶಾಲೆಯಲ್ಲಿ ಕಲಿಯುತ್ತಿದ್ದ ಮಗು ತನ್ನ ಹಳ್ಳಿಯ ಶಾಲೆಗೆ ಮರಳಿದರೆ ಮಗುವಿನೊಂದಿಗೆ ಇಲಾಖೆಯೂ ಬದಲಾಗುತ್ತದೆ.

1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಮಾನ್ಯ ತರಬೇತಿ ಮತ್ತು ನೋಂದಣಿ ಇಲ್ಲದವರು ವಿಶೇಷ ಶಿಕ್ಷಕರಾಗುವುದನ್ನು ತಡೆಯಿತು. 1995ರ ಅಂಗವಿಕಲರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣದ ಮಾತಾಡಿತು. ಆದರೆ ಆಡಳಿತಾಧಿಕಾರಿಯ ಕೊರಳಿಗೆ ನಿಜವಾಗಿ ಹೊಣೆ ಬಿದ್ದದ್ದು 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ.

ಮಲೆನಾಡಿಗೆ ಅತಿ ಹೆಚ್ಚು ತಟ್ಟಿದ್ದು ಈ ಕಾಯ್ದೆಯ 2012ರ ತಿದ್ದುಪಡಿ. ಬಹುವಿಧ ಅಂಗವೈಕಲ್ಯ ಅಥವಾ ತೀವ್ರ ಅಂಗವೈಕಲ್ಯವುಳ್ಳ ಮಗು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು ಎಂದು ಅದು ಹೇಳಿತು. ಆಯ್ಕೆ ಮಗುವಿನದು, ಕಚೇರಿಯದಲ್ಲ. ಹಾಗಿದ್ದರೂ ಕಾಡಂಚಿನ ಒಂಟಿ ಮನೆಯಿಂದ ಕಾಲುಸಂಕ ದಾಟಿ ಬರಬೇಕಾದ ಮಗುವನ್ನು, ಆಷಾಢದ ಮಳೆ ಹಿಡಿದ ಮೇಲೆ, ಗೃಹಾಧಾರಿತ ಪಟ್ಟಿಗೆ ಸೇರಿಸಿಬಿಡುವುದು ಬಹಳ ಸುಲಭ. ಕಾರಣ ಅಂಗವೈಕಲ್ಯವಲ್ಲ, ದಾರಿ. ಕಾಗದದಲ್ಲಿ ಮಾತ್ರ ಅಂಗವೈಕಲ್ಯ. ಆ ದಾರಿಗೆ ಉತ್ತರವಾಗಬೇಕಾದ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆಗಳು ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇವೆ. ಬಸ್ಸೇ ಹೋಗದ ಕಡೆ ಅವು ಎಷ್ಟರಮಟ್ಟಿಗೆ ನೆರವಾದಾವು ಎಂಬುದು ಬೇರೆ ಮಾತು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಯಾಯಿತು. ಹಿಂದೆ 7 ಇದ್ದ ಅಂಗವೈಕಲ್ಯದ ಬಗೆಗಳು 21 ಆದವು, ಕಲಿಕಾ ನ್ಯೂನತೆಯೂ ಪಟ್ಟಿಗೆ ಸೇರಿತು. ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಗು ನೆರೆಹೊರೆಯ ಶಾಲೆ ಬೇಕೋ ವಿಶೇಷ ಶಾಲೆ ಬೇಕೋ ತಾನೇ ಆರಿಸಬಹುದೆಂದು 31ನೇ ಕಲಂ ಹೇಳುತ್ತದೆ. ಕಾಯ್ದೆಯನ್ನು ಉಲ್ಲಂಘಿಸಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷದವರೆಗೆ ದಂಡ ಎನ್ನುವುದು 89ನೇ ಕಲಂ. ಶಾಲಾ ವಯಸ್ಸಿನ ಮಕ್ಕಳ ಸಮೀಕ್ಷೆ ಐದು ವರ್ಷಕ್ಕೊಮ್ಮೆ ನಡೆಯಬೇಕು. ಇಷ್ಟೆಲ್ಲವನ್ನೂ ತಾಲ್ಲೂಕು ಮಟ್ಟದಲ್ಲಿ ನಡೆಸಬೇಕಾದವರು ಕ್ಷೇತ್ರ ಸಂಪನ್ಮೂಲ ಕೇಂದ್ರದ ಬೆರಳೆಣಿಕೆಯ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು. ವೈದ್ಯಕೀಯ ತಪಾಸಣಾ ಶಿಬಿರ, ಮನೆ ಭೇಟಿ, ಸಾಧನ ಸಲಕರಣೆಗಳ ಪಟ್ಟಿ, ಎಸ್ಸೆಸ್ಸೆಲ್ಸಿ ವಿನಾಯಿತಿ ಅರ್ಜಿ ಎಲ್ಲವೂ ಅವರ ತಲೆಯ ಮೇಲೆ.

ಹುದ್ದೆಯ ಪ್ರಶ್ನೆಯನ್ನು ಕೊನೆಗೆ ಕೈಗೆತ್ತಿಕೊಂಡದ್ದು ಸುಪ್ರೀಂ ಕೋರ್ಟ್. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, 2021ರ ಅಕ್ಟೋಬರ್ 28ರ ತೀರ್ಪು ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ, ಅದಕ್ಕಿಂತ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂಬ ಪ್ರಮಾಣವನ್ನು ಮುಂದಿಟ್ಟಿತು. ರಾಜ್ಯಗಳು ಹುದ್ದೆ ಸೃಷ್ಟಿಸದೇ ಕುಳಿತದ್ದನ್ನು ಕಂಡು, 2025ರ ಮಾರ್ಚ್ 7ರಂದು ಅದೇ ನ್ಯಾಯಾಲಯ ಹುದ್ದೆಗಳನ್ನು ಅಧಿಸೂಚಿಸಲು ಕಾಲಮಿತಿ ಹಾಕಿತು.

ಈ ಪ್ರಮಾಣ ಮಕ್ಕಳನ್ನು ಎಣಿಸುತ್ತದೆ, ಮೈಲಿಗಳನ್ನಲ್ಲ. ಬಯಲುಸೀಮೆಯ ದೊಡ್ಡ ಊರಿನಲ್ಲಿ ಹತ್ತು ಮಕ್ಕಳು ಒಂದೆರಡು ಶಾಲೆಗಳಲ್ಲಿ ಸಿಕ್ಕಾರು. ಆಗುಂಬೆ, ಬಿದನೂರು ನಗರ, ತುಮರಿಯ ಕಡೆ ಅಷ್ಟೇ ಮಕ್ಕಳು ಹತ್ತು ಕಿರು ಶಾಲೆಗಳಲ್ಲಿ ಹಂಚಿಹೋಗಿರುತ್ತಾರೆ. ಹುದ್ದೆಗಳು ಸಿಗುವವರೆಗೆ ಶಾಲೆಯಿಂದ ಶಾಲೆಗೆ ಸಂಚರಿಸುವ ಶಿಕ್ಷಕರನ್ನು ಬಳಸಿಕೊಳ್ಳಬಹುದೆಂದು 2021ರ ತೀರ್ಪೇ ಹೇಳಿದೆ. ಇಲ್ಲಿ ಆ ತಾತ್ಕಾಲಿಕ ವ್ಯವಸ್ಥೆಯೇ ಕಾಯಂ ಆಗಿ ಉಳಿಯಬೇಕಾದೀತು. ಹಾಗಾದರೆ ಹುದ್ದೆ ಲೆಕ್ಕ ಹಾಕುವಾಗ ಮಳೆಗಾಲದಲ್ಲಿ ಒಬ್ಬರು ದಿನಕ್ಕೆ ಎಷ್ಟು ಶಾಲೆ ತಲುಪಬಲ್ಲರು ಎಂಬುದನ್ನೂ ಜಿಲ್ಲೆಯ ಉಪನಿರ್ದೇಶಕರ ಕಚೇರಿ ಪ್ರಸ್ತಾವನೆಯಲ್ಲಿ ಬರೆದು ಕಳಿಸಬೇಕಾಗುತ್ತದೆ.